ಪಾತಾಳದ ಯಜಮಾನಿ

ನಮ್ಮ ಹಿತ್ತಿಲಿನ ಬಟ್ಟೆ ಒಗೆಯುವ ಕಲ್ಲಿಗೂ ಅದರ ಪಕ್ಕದ ಪಾಚಿಗೂ ನನಗೂ ಇಪ್ಪತ್ತೈದು ವರ್ಷಗಳ ಪರಿಚಯ. ಆದರೂ 2025ರ ಬೇಸಿಗೆ ರಜೆಯ ಮೊದಲ ವಾರದಲ್ಲೇ ಆ ಪಾಚಿ ನನ್ನನ್ನು ಕೆಡವಿಹಾಕಿತು. ಬಲಗಾಲಿನ ಮೂಳೆ ಬಿರುಕು ಬಿಟ್ಟಿತು. "ಆರು ವಾರ ಕಾಲೂರುವ ಹಾಗಿಲ್ಲ" ಎಂದು ಡಾಕ್ಟರು ಹೇಳಿದಾಗ ನನಗಿಂತ ಹೆಚ್ಚು ಗಾಬರಿಯಾದವರು ನಮ್ಮ ಮನೆಯವರು. ಮೂವತ್ತು ವರ್ಷ ಸಂಸಾರ ಮಾಡಿದ ಮೇಲೂ ಸಾಸಿವೆ ಡಬ್ಬಿ ಯಾವುದು, ಜೀರಿಗೆ ಡಬ್ಬಿ ಯಾವುದು ಎಂದು ಮುಚ್ಚಳ ತೆಗೆದು ನೋಡುವವರು ಅವರು. ಮಂಚದ ಮೇಲೆ ಕುಳಿತೇ ಮನೆ ನಡೆಸಲು ಹೋಗಿ ಎರಡೇ ದಿನದಲ್ಲಿ ನನ್ನ ಗಂಟಲು ಕಟ್ಟಿತು.

ಬೆಂಗಳೂರಿನಿಂದ ಬಂದ ಮಗ ಮೂರನೆಯ ದಿನ ತನ್ನ ಹಳೆಯ ಲ್ಯಾಪ್‌ಟಾಪನ್ನು ತಂದು ನನ್ನ ಮುಂದೆ ಇಟ್ಟ. "ಅಮ್ಮಾ, ಅಪ್ಪನ್ನ ಬಿಟ್ಟುಬಿಡು. ಆಜ್ಞೆ ಮಾಡೋದಕ್ಕೆ ನಿನಗೆ ಬೇರೆ ಮನೆ ಕೊಡ್ತೀನಿ" ಎಂದ.

ಅವನು ಕೊಟ್ಟ ಮನೆ ಭೂಮಿಯ ಕೆಳಗಿತ್ತು. ಅಲ್ಲಿ ವಾಸಿಸುವವರೆಲ್ಲ ರಾಕ್ಷಸರು, ದೆವ್ವಗಳು, ಜೇಡಗಳು, ನೊಣಗಳು. ಆಟದ ಹೆಸರು 'ಡಂಜನ್ ಕೀಪರ್'. ನಮ್ಮ ಮಾತಿನಲ್ಲಿ ಹೇಳುವುದಾದರೆ ನೆಲಮಾಳಿಗೆಯ ಒಡೆಯ. ಐವತ್ತಾರು ವರ್ಷದ, ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡುವ ಹೆಂಗಸು ಕಾಲಿಗೆ ಪಟ್ಟಿ ಕಟ್ಟಿಕೊಂಡು ಕಂಪ್ಯೂಟರಿನಲ್ಲಿ ರಾಕ್ಷಸರನ್ನು ಸಾಕುತ್ತಾಳೆ ಎಂದರೆ ನೀವು ನಗಬಹುದು. ನಗಿ, ನನಗೇನೂ ಬೇಸರವಿಲ್ಲ. ನಾನೂ ಮೊದಲು ನಕ್ಕೆ. ಆ ನಗುವಿನ ವಿಷಯವನ್ನೇ ಮುಂದೆ ಹೇಳಬೇಕಾಗಿದೆ.

ಆಟದ ಕ್ರಮ ಇಷ್ಟು. ಆರಂಭದಲ್ಲಿ ನಮಗೆ ಭೂಮಿಯೊಳಗೆ ಒಂದು ಹೃದಯವಿರುತ್ತದೆ. ಅದು ಮಿಡಿಯುತ್ತಿರುವ ತನಕ ನಾವು ಬದುಕಿದಂತೆ; ಶತ್ರುಗಳು ಅದನ್ನು ಒಡೆದರೆ ಆಟ ಮುಗಿಯಿತು. ಸುತ್ತಲೂ ಮಣ್ಣು, ಬಂಡೆ, ನಡುನಡುವೆ ಬಂಗಾರದ ಅದಿರು. ನಮ್ಮ ಬಳಿ ನಾಲ್ಕಾರು ಕುಳ್ಳ ಆಳುಗಳು, ಕೈಯಲ್ಲಿ ಗುದ್ದಲಿ. ಇವುಗಳಿಗೆ 'ಇಂಪ್' ಎಂದು ಹೆಸರು. ಹೆಸರು ಕೇಳಲು ಇಂಪಾಗಿದೆ, ರೂಪ ಮಾತ್ರ ಹಾಗಿಲ್ಲ. ಎಲ್ಲಿ ಅಗೆಯಬೇಕೆಂದು ನಾವು ಗುರುತು ಹಾಕಿದರೆ ಅವು ಓಡಿ ಹೋಗಿ ಅಗೆಯುತ್ತವೆ, ಬಂಗಾರವನ್ನು ಹೊತ್ತು ತಂದು ಖಜಾನೆಗೆ ಸುರಿಯುತ್ತವೆ. ಆ ಬಂಗಾರದಿಂದ ಒಂದೊಂದೇ ಕೋಣೆ ಕಟ್ಟಬೇಕು: ಮಲಗಲು ಜಾಗ, ಊಟಕ್ಕೆ ಕೋಳಿಗೂಡು, ಕಸರತ್ತಿನ ಮನೆ, ಗ್ರಂಥಾಲಯ, ಕಮ್ಮಟ, ಸೆರೆಮನೆ. ಜನ್ಮದಲ್ಲಿ ಕೋಳಿ ಬೇಯಿಸದ ಮನೆಯ ನಾನು ಸಂಜೆಯೊಳಗೆ ಐವತ್ತು ಕೋಳಿ ಸಾಕಿದ್ದೆ!

ಮನೆ ಒಪ್ಪವಾಗುತ್ತಿದ್ದಂತೆ ದ್ವಾರದಿಂದ ಒಬ್ಬೊಬ್ಬರಾಗಿ ನೆಂಟರು ಬರತೊಡಗುತ್ತಾರೆ. ಗ್ರಂಥಾಲಯವಿದ್ದರೆ ಮಂತ್ರವಾದಿಗಳು ಬಂದು ಓದುತ್ತಾ ಕೂರುತ್ತಾರೆ. ಕಮ್ಮಟವಿದ್ದರೆ 'ಟ್ರೋಲ್' ಎಂಬ ದಡಿಯರು ಬಂದು ಬಾಗಿಲು, ಬೋನು ಮಾಡಿಕೊಡುತ್ತಾರೆ. 'ಬೈಲ್ ಡೀಮನ್' ಎಂಬ ಗುಡಾಣ ಹೊಟ್ಟೆಯವನು ಬರಬೇಕಾದರೆ ಊಟದ ಮನೆ ದೊಡ್ಡದಿರಬೇಕು. ನೊಣವನ್ನೂ ಜೇಡವನ್ನೂ ಒಂದೇ ಕಡೆ ಮಲಗಿಸಿದರೆ ರಾತ್ರಿಯಿಡೀ ಜಗಳ. ಸಂಬಳದ ದಿನ ಎಲ್ಲರೂ ಖಜಾನೆಯ ಮುಂದೆ ಸಾಲು. ಸಂಬಳ ತಪ್ಪಿದರೆ ಮುಖ ಊದಿಸಿಕೊಂಡು ಗಂಟುಮೂಟೆ ಕಟ್ಟುತ್ತಾರೆ. ಎಲ್ಲರಿಗಿಂತ ಹೆದರಬೇಕಾದದ್ದು ಕೊಂಬು, ಕುಡುಗೋಲುಗಳ ಕೆಂಪು ರಾಕ್ಷಸನಿಗೆ. ಆಟದ ಡಬ್ಬಿಯ ಮೇಲೆ ಚಿತ್ರವಿರುವುದೂ ಅವನದೇ. ಅವನಿಗೆ ಸಿಟ್ಟು ಬಂದರೆ ಹಗೆಗಳನ್ನಲ್ಲ, ನಮ್ಮವರನ್ನೇ ಕಡಿಯುತ್ತಾನೆ.

ಇದನ್ನೆಲ್ಲ ನೋಡಿ ನಾನು ಮಗನಿಗೆ ಹೇಳಿದೆ: "ಇದು ರಾಕ್ಷಸರ ಆಟ ಅಲ್ಲವೋ, ಒಟ್ಟು ಕುಟುಂಬದ ಆಟ." ಯಾರಿಗೆ ಯಾರು ಆಗುವುದಿಲ್ಲ, ಯಾರಿಗೆ ಎಷ್ಟು ಹಸಿವು, ಯಾರ ಸಿಟ್ಟು ಯಾವ ಹೊತ್ತಿಗೆ ಏರುತ್ತದೆ ಎಂಬ ಲೆಕ್ಕವನ್ನು ಹದಿನಾರು ಜನರ ಮನೆಗೆ ಸೊಸೆಯಾಗಿ ಹೋದ ನನಗೆ ಯಾರೂ ಕಲಿಸಬೇಕಾಗಿರಲಿಲ್ಲ. ಇನ್ನು ಆ ಇಂಪ್‌ಗಳು! ಅವಕ್ಕೆ ಊಟವಿಲ್ಲ, ಮಲಗಲು ಜಾಗವಿಲ್ಲ, ಸಂಬಳವಂತೂ ಇಲ್ಲವೇ ಇಲ್ಲ. ಆದರೆ ಅವಿಲ್ಲದೆ ಒಂದು ಕೋಣೆಯೂ ಏಳುವುದಿಲ್ಲ. ಹೀಗೆ ಸಂಬಳವಿಲ್ಲದೆ ದುಡಿಯುವವರು ಯಾರೆಂದು ನಿಮಗೆ ನಾನು ಬಿಡಿಸಿ ಹೇಳಬೇಕಿಲ್ಲವಷ್ಟೆ.

ಇತಿಹಾಸದ ಮೇಷ್ಟರ ಚಾಳಿ ಬಿಟ್ಟೀತೇ? ಆಟವಾಡುತ್ತ ಆಡುತ್ತ ಇದು ಎಲ್ಲಿಂದ ಬಂತು, ಯಾರು ಮಾಡಿದರು ಎಂದು ಹುಡುಕತೊಡಗಿದೆ.

'ಡಂಜನ್' ಎಂಬ ಮಾತಿನಲ್ಲೇ ಒಂದು ಚರಿತ್ರೆ ಅಡಗಿದೆ. ಇದರ ಮೂಲ 'ದೊಂಜೊಂ' ಎಂಬ ಫ್ರೆಂಚ್ ಪದ. ಅದರ ಅರ್ಥ ನೆಲಮಾಳಿಗೆಯಲ್ಲ, ಕೋಟೆಯ ನಡುವಿನ ಎತ್ತರದ ಗೋಪುರ. 1066ರಲ್ಲಿ ನಾರ್ಮಂಡಿಯ ವಿಲಿಯಂ ಇಂಗ್ಲೆಂಡನ್ನು ಗೆದ್ದನಲ್ಲ, ಆ ನಾರ್ಮನ್ನರು ದೇಶದ ಉದ್ದಗಲಕ್ಕೂ ಇಂಥ ಗೋಪುರಗಳನ್ನು ಕಟ್ಟಿದರು. ಲಂಡನ್ನಿನ ಪ್ರಸಿದ್ಧ ಶ್ವೇತಗೋಪುರವೂ ಅಂಥದೇ. ಒಡೆಯ ಇರುತ್ತಿದ್ದುದು ಅಲ್ಲೇ, ಕೊನೆಯ ಕಾದಾಟ ನಡೆಯುತ್ತಿದ್ದುದೂ ಅಲ್ಲೇ. ಗಟ್ಟಿ ಗೋಡೆಯ ಜಾಗ ಕೈದಿಗಳನ್ನು ಕೂಡಿಹಾಕಲೂ ಅನುಕೂಲ. ಕಾಲ ಕಳೆದಂತೆ ಒಡೆಯ ಮರೆತುಹೋದ, ಕೈದಿಯ ನೆನಪು ಉಳಿಯಿತು; ಗೋಪುರದ ತುದಿಯಲ್ಲಿದ್ದ ಶಬ್ದ ಇಳಿದಿಳಿದು ನೆಲದಡಿಯ ಕತ್ತಲೆಕೋಣೆಗೆ ಸೇರಿತು. ಮನುಷ್ಯರ ಹಾಗೆ ಮಾತುಗಳಿಗೂ ಏಳುಬೀಳು ಇರುತ್ತದೆ ನೋಡಿ.

ಈ ಆಟ ಹುಟ್ಟಿದ್ದು ಲಂಡನ್ನಿನ ನೈರುತ್ಯಕ್ಕಿರುವ ಗಿಲ್ಡ್‌ಫರ್ಡ್ ಎಂಬ ಊರಿನಲ್ಲಿ. ಅಲ್ಲಿಯೂ ನಾರ್ಮನ್ನರ ಕಾಲದ ಒಂದು ಕೋಟೆಯ ಕಲ್ಲಿನ ಗೋಪುರ ಇಂದಿಗೂ ನಿಂತಿದೆ. ಅದನ್ನು ಕೆಲವು ಕಾಲ ಸೆರೆಮನೆಯಾಗಿಯೂ ಬಳಸಿದ್ದರಂತೆ. ಮೊಲದ ಬಿಲದಲ್ಲಿ ಬಿದ್ದು ಪಾತಾಳಲೋಕ ಸೇರಿದ ಆಲಿಸಳ ಕತೆ ಬರೆದ ಲೂಯಿಸ್ ಕ್ಯಾರಲ್ 1898ರಲ್ಲಿ ತೀರಿಕೊಂಡದ್ದೂ ಇದೇ ಊರಿನಲ್ಲಿದ್ದ ತನ್ನ ಸೋದರಿಯರ ಮನೆಯಲ್ಲಿ. ನಾ. ಕಸ್ತೂರಿಯವರು ಆ ಕತೆಯನ್ನು 'ಪಾತಾಳದಲ್ಲಿ ಪಾಪಚ್ಚಿ' ಎಂದು ಕನ್ನಡಕ್ಕೆ ತಂದದ್ದನ್ನು ನಿಮ್ಮಲ್ಲಿ ಕೆಲವರಾದರೂ ಓದಿರಬಹುದು. ಒಂದಕ್ಕೊಂದು ಸಂಬಂಧವಿದೆ ಎಂದು ನಾನು ಹೇಳುತ್ತಿಲ್ಲ. ಆದರೂ ಪಾತಾಳದ ಮೇಲೆ ಆ ಊರಿಗೆ ಏನೋ ಒಂದು ಮಮತೆ ಇದ್ದಂತಿದೆ.

ಗಿಲ್ಡ್‌ಫರ್ಡಿನಲ್ಲಿ ಪೀಟರ್ ಮಾಲಿನ್ಯೂ ಮತ್ತು ಲೆಸ್ ಎಡ್ಗರ್ ಎಂಬ ಇಬ್ಬರು ಸೇರಿ 1987ರಲ್ಲಿ 'ಬುಲ್‌ಫ್ರಾಗ್' ಎಂಬ ಕಂಪೆನಿ ತೆರೆದರು. ಬುಲ್‌ಫ್ರಾಗ್ ಎಂದರೆ ಗೋಂಕರುಕಪ್ಪೆ. ಇದಕ್ಕೆ ಮೊದಲು ಅವರದು 'ಟಾರಸ್' ಎಂಬ ಇನ್ನೊಂದು ಕಂಪೆನಿ. ಅದರ ವ್ಯಾಪಾರ ಏನು ಗೊತ್ತೇ? ಡಬ್ಬಿಯಲ್ಲಿ ಬರುವ ಬೇಯಿಸಿದ ಹುರುಳಿಕಾಯಿ ಬೀಜವನ್ನು ಮಧ್ಯಪ್ರಾಚ್ಯಕ್ಕೆ ಕಳಿಸುವುದು! 'ಟೋರಸ್' ಎಂಬ ಹೆಸರಿನ ಕಂಪ್ಯೂಟರ್ ಕಂಪೆನಿಯೊಂದು ಇತ್ತು. ಕಮೊಡೋರ್ ಎಂಬ ದೊಡ್ಡ ಸಂಸ್ಥೆಯವರು ಇವರೇ ಅವರೆಂದು ತಿಳಿದು ಕರೆಸಿ, ಹೊಸ ಅಮೀಗಾ ಕಂಪ್ಯೂಟರುಗಳನ್ನು ಕೊಡುವುದಾಗಿ ಹೇಳಿದರು. ತಾನು ಬಾಯಿ ಮುಚ್ಚಿಕೊಂಡು ತೆಗೆದುಕೊಂಡೆ ಎಂದು ಮಾಲಿನ್ಯೂ ತಾನೇ ಹೇಳಿಕೊಂಡಿದ್ದಾನೆ. ಕಾಳು ಮಾರುವವನ ಮನೆಗೆ ಹೀಗೆ ತಪ್ಪು ವಿಳಾಸದಿಂದ ಸರಸ್ವತಿ ಬಂದಳು. 1989ರಲ್ಲಿ ಬಂದ ಅವರ 'ಪಾಪ್ಯುಲಸ್' ಆಟದಲ್ಲಿ ಆಡುವವನೇ ದೇವರು. ಮೇಲೆ ಕುಳಿತು ನೆಲವನ್ನು ಏರಿಸಿ ತಗ್ಗಿಸಿ ಭಕ್ತರನ್ನು ಕಾಯಬೇಕು. 1994ರಲ್ಲಿ ಜಾತ್ರೆಯಂಥ ಮನರಂಜನಾ ಉದ್ಯಾನ ನಡೆಸುವ 'ಥೀಮ್ ಪಾರ್ಕ್' ಬಂತು. ಅದರ ತಯಾರಿಯಲ್ಲಿ ಕೈಗೂಡಿಸಿದ ಹದಿನೇಳರ ಹುಡುಗನೊಬ್ಬನ ಹೆಸರು ಡೆಮಿಸ್ ಹಸಾಬಿಸ್. ಅದೇ ಹಸಾಬಿಸ್‌ಗೆ 2024ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕದಲ್ಲಿ ಪಾಲು ಸಿಕ್ಕಿತು. "ಆಟ ಆಡಿ ಕೆಟ್ಟೆ" ಎಂದು ಮಗನನ್ನು ಬೈಯುತ್ತಿದ್ದ ನಾನು ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನಾದೆ.

'ಡಂಜನ್ ಕೀಪರ್' ಬಂದದ್ದು 1997ರಲ್ಲಿ. ಅದರ ಹೊಸತನ ತಿಳಿಯಬೇಕಾದರೆ ಅದಕ್ಕೂ ಹಿಂದಿನದು ಸ್ವಲ್ಪ ಗೊತ್ತಿರಬೇಕು. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನಸನ್ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಆಟವನ್ನು ಹೊರತಂದರು. ಅದು ಕಂಪ್ಯೂಟರಿನದಲ್ಲ, ಮೇಜಿನ ಸುತ್ತ ಕುಳಿತು ಕಾಗದ, ಪೆನ್ಸಿಲು, ದಾಳಗಳಿಂದ ಆಡುವಂಥದು. ವೀರರು ಗುಹೆಗೆ ಇಳಿಯುತ್ತಾರೆ, ರಾಕ್ಷಸರನ್ನು ಕೊಲ್ಲುತ್ತಾರೆ, ನಿಧಿ ಹೊತ್ತು ಮೇಲೆ ಬರುತ್ತಾರೆ. 1980ರ 'ರೋಗ್' ಮೊದಲಾಗಿ ಕಂಪ್ಯೂಟರಿಗೆ ಬಂದ ಅನೇಕ ಆಟಗಳೂ ಇದೇ ದಾರಿ ಹಿಡಿದವು. ಅಲ್ಲಿ ರಾಕ್ಷಸನೆಂದರೆ ಕತ್ತಿಗೆ ಸಿಗಬೇಕಾದವನು, ಅಷ್ಟೇ. ಅವನು ಏನು ತಿನ್ನುತ್ತಾನೆ, ಎಲ್ಲಿ ಮಲಗುತ್ತಾನೆ, ಆ ನಿಧಿಯನ್ನು ಅಗೆದು ಕೂಡಿಟ್ಟವರು ಯಾರು ಎಂದು ಯಾರೂ ಕೇಳಲಿಲ್ಲ. ಬುಲ್‌ಫ್ರಾಗಿನವರು ಪಗಡೆಯ ಹಾಸನ್ನೇ ತಿರುಗಿಸಿಟ್ಟರು. ಇಲ್ಲಿ ನಾವು ರಾಕ್ಷಸರ ಕಡೆ. ಫಳಫಳ ಹೊಳೆಯುವ ಕವಚ ತೊಟ್ಟ ಧರ್ಮವೀರರು ನಮ್ಮ ಮನೆಯ ಗೋಡೆ ಒಡೆದು ನುಗ್ಗುವ ಕಳ್ಳರು!

ಹಾಸ್ಯವಿರುವುದು ಇಲ್ಲೇ. ನಾವು ಗೆಲ್ಲಬೇಕಾದ ಇಪ್ಪತ್ತು ಊರುಗಳ ಹೆಸರು ಕೇಳಿದರೆ ಮಕ್ಕಳ ಪದ್ಯದ ಪುಸ್ತಕ ನೆನಪಾಗುತ್ತದೆ. ಮೊದಲನೆಯದು 'ಎವರ್‌ಸ್ಮೈಲ್', ಅಂದರೆ ನಿತ್ಯನಗು. ಗಡಸು ಗಂಟಲಿನ ಮಂತ್ರಿಯೊಬ್ಬ ಆ ಊರಿನವರ ಸುಖಸಂತೋಷವನ್ನು ಅಸಹ್ಯಪಡುತ್ತ ಬಣ್ಣಿಸುತ್ತಾನೆ. ನಾವು ಗೆದ್ದ ಮೇಲೆ ಆದ ಹಾಳನ್ನು ಆನಂದದಿಂದ ವರ್ಣಿಸುತ್ತಾನೆ. ಈ ದನಿ ರಿಚರ್ಡ್ ರೈಡಿಂಗ್ಸ್ ಎಂಬ ನಟನದು. ಮೊಮ್ಮಕ್ಕಳ ಜೊತೆ ಕುಳಿತು 'ಪೆಪ್ಪಾ ಪಿಗ್' ನೋಡುವ ಅಜ್ಜಿಯರು ಇದ್ದರೆ ಕೇಳಿ: ಅದರಲ್ಲಿ ಬರುವ ಅಪ್ಪ ಹಂದಿಯ ದನಿಯೂ ಇವನದೇ. 1999ರಲ್ಲಿ ಬಂದ ಎರಡನೆಯ ಆಟದಲ್ಲಿ ರಾತ್ರಿ ಬಹಳ ಹೊತ್ತಾದರೆ ಈ ದನಿ "ಹೋಗಿ ಮಲಗು" ಎಂಬ ಅರ್ಥದ ಬುದ್ಧಿಮಾತನ್ನೂ ಹೇಳುತ್ತದೆ ಎಂದು ಮಗ ಹೇಳಿದ. ಪಾತಾಳದಲ್ಲೂ ಒಬ್ಬರು ತಾಯಿ ಇದ್ದಾರಲ್ಲ ಎಂದು ಸಮಾಧಾನವಾಯಿತು.

ರಾಕ್ಷಸರ ಕಡೆಯಿಂದ ನೋಡುವುದು ನಮಗೇನು ಹೊಸದಲ್ಲ. ಸಾಗರ ಸೀಮೆಯಲ್ಲಿ ಹುಟ್ಟಿ ಬೆಳೆದ ನಾನು ಅಪ್ಪನ ತೊಡೆಯ ಮೇಲೆ ಕುಳಿತು ಯಕ್ಷಗಾನ ನೋಡಿದವಳು. ಬಣ್ಣದ ವೇಷ ತೆರೆಯ ಹಿಂದೆ ಅಬ್ಬರಿಸುವಾಗ ಹೆದರಿ ಕಣ್ಣು ಮುಚ್ಚುತ್ತಿದ್ದೆ. ತೆರೆ ಸರಿದಾಗ ರಾಮನನ್ನಲ್ಲ, ಅದನ್ನೇ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ. ರನ್ನನ ಗದಾಯುದ್ಧ ಓದಿದವರಿಗೆ ದುರ್ಯೋಧನನ ಮೇಲೆ ಸಿಟ್ಟು ಉಳಿಯುವುದಿಲ್ಲ. ನಾಗಚಂದ್ರನ ರಾವಣನಂತೂ ಕೊನೆಗೆ ಪಶ್ಚಾತ್ತಾಪಪಡುವವನು. ಇವನ್ನೆಲ್ಲ ತರಗತಿಯಲ್ಲಿ ಉದಾಹರಣೆ ಕೊಟ್ಟು "ಇತಿಹಾಸ ಗೆದ್ದವರು ಬರೆದದ್ದು ಮಕ್ಕಳೇ, ಸೋತವರ ಕಡೆಯಿಂದಲೂ ನೋಡಿ" ಎಂದು ನಾನು ಎಷ್ಟು ಸಲ ಹೇಳಿಲ್ಲ!

ಹೇಳುವುದು ಸುಲಭ.

ಆಟದ ಒಂದು ಅಂಗವನ್ನು ನಾನು ಇದುವರೆಗೆ ಹೇಳಲಿಲ್ಲ. ಪರದೆಯ ಮೇಲೆ ನಮ್ಮ ಗುರುತಾಗಿ ಇರುವುದು ಬಾಣವಲ್ಲ, ಉಗುರು ಬೆಳೆದ ಒಂದು ದೊಡ್ಡ ಕೈ. ಅದು ಯಾರನ್ನು ಬೇಕಾದರೂ ಕತ್ತು ಹಿಡಿದೆತ್ತಿ ಬೇರೆಡೆ ಹಾಕಬಲ್ಲದು. ಮೌಸಿನ ಇನ್ನೊಂದು ಗುಂಡಿ ಒತ್ತಿದರೆ ಫಟಾರನೆ ಹೊಡೆಯುತ್ತದೆ. ಹೊಡೆತ ತಿಂದ ಇಂಪ್ ಕಿರುಗುಟ್ಟಿ ಸ್ವಲ್ಪ ಹೊತ್ತು ಎರಡರಷ್ಟು ಚುರುಕಾಗಿ ಅಗೆಯುತ್ತದೆ. ಅದರ ಆಯಸ್ಸೂ ಅಷ್ಟಷ್ಟೇ ಕರಗುತ್ತದೆ. ಹೊಡೆಯುತ್ತಲೇ ಹೋದರೆ ಸತ್ತುಹೋಗುತ್ತದೆ. ಸತ್ತರೆ ಬಂಗಾರ ಖರ್ಚು ಮಾಡಿ ಇನ್ನೊಂದನ್ನು ಹುಟ್ಟಿಸಿಕೊಳ್ಳಬಹುದು. ಉಳಿದ ಜೀವಿಗಳಿಗೆ ಹೊಡೆದರೆ ಸಿಟ್ಟಾಗುತ್ತವೆ, ಇಂಪ್‌ಗಳಿಗೆ ಸಿಟ್ಟೂ ಇಲ್ಲ. ನನ್ನ ಬಳಗದಲ್ಲಿ ಹೆಣ್ಣುರೂಪದ್ದೆಂದು ಕಂಡದ್ದು ಒಂದೇ, 'ಡಾರ್ಕ್ ಮಿಸ್ಟ್ರೆಸ್'. ಅವಳಿಗೆ ಹೊಡೆದರೆ ಖುಷಿ! ಹಿಂಸೆಯ ಕೋಣೆಗೆ ತಾನಾಗಿಯೇ ಹೋಗಿ ಕೂರುತ್ತಾಳೆ. ಇದನ್ನು ಬರೆದವರು ಗಂಡಸರೇ ಇರಬೇಕೆಂದು ನನಗೆ ಯಾರೂ ಹೇಳಬೇಕಾಗಲಿಲ್ಲ. ಹೊಡೆಸಿಕೊಳ್ಳುವವಳಿಗೆ ಅದು ಇಷ್ಟ ಎಂಬ ಸುಳ್ಳು ಇಂಗ್ಲೆಂಡಿನಿಂದ ಇಲ್ಲಿಯ ತನಕ ಎಲ್ಲ ಕಡೆ ಒಂದೇ.

ಅವಳ ವಿಷಯದಲ್ಲಿ ಹೀಗೆ ಸಿಟ್ಟಾದ ನಾನೇ ಇಂಪ್‌ಗಳಿಗೆ ಹೊಡೆದು ಹೊಡೆದು ನಗುತ್ತಿದ್ದೆ. ನಿಂತದ್ದಕ್ಕೆ ಒಂದು, ತಡವಾದದ್ದಕ್ಕೆ ಒಂದು, ಸುಮ್ಮನೆ ಆ ಕಿರುಗುಟ್ಟುವ ಸದ್ದು ಕೇಳಲು ಒಂದು. ಚಹಾ ತಂದ ನಮ್ಮ ಮನೆಯವರು ಸ್ವಲ್ಪ ಹೊತ್ತು ನೋಡುತ್ತಾ ನಿಂತು, "ಪಾಪ, ಕೆಲಸ ಮಾಡ್ತಾನೇ ಇದೆಯಲ್ಲೇ" ಎಂದರು. "ಹೊಡೆದರೆ ಇನ್ನೂ ಬೇಗ ಮಾಡ್ತವೆ" ಎಂದೆ. ಹೇಳಿದ ಮರುಕ್ಷಣ, ಈ ಮಾತನ್ನು ಇದೇ ಧಾಟಿಯಲ್ಲಿ ಹಿಂದೆ ಎಲ್ಲೋ ಹೇಳಿದ್ದೇನಲ್ಲ ಎನ್ನಿಸಿತು. ಎಲ್ಲಿ ಎಂದು ಆಗ ಹೊಳೆಯಲಿಲ್ಲ.

ಈ ಆಟದಲ್ಲಿ ಒಂದು ಮಂತ್ರವಿದೆ: ಪರಕಾಯ ಪ್ರವೇಶ. ನಮ್ಮ ಯಾವುದೇ ಜೀವಿಯ ಮೈಯೊಳಗೆ ಹೊಕ್ಕು ಅದರ ಕಣ್ಣಿನಿಂದಲೇ ನೋಡಬಹುದು. ನೊಣದೊಳಗೆ ಹೊಕ್ಕರೆ ಲೋಕ ನೂರು ಚೂರಾಗಿ ಕಾಣುತ್ತದೆ. ಒಂದು ರಾತ್ರಿ ಕುತೂಹಲಕ್ಕೆ ಇಂಪ್‌ನೊಳಗೆ ಹೊಕ್ಕೆ. ಮೇಲಿನಿಂದ ನೋಡುವಾಗ ರಂಗೋಲಿಯಂತೆ ಕಾಣುತ್ತಿದ್ದ ನನ್ನ ಚೆಂದದ ಮನೆ ಅಲ್ಲಿಂದ ಬರೀ ಎತ್ತರದ ಗೋಡೆ, ಕತ್ತಲೆ. ದೊಡ್ಡ ದೊಡ್ಡ ಕಾಲುಗಳು ಪಕ್ಕದಲ್ಲಿ ಹಾದುಹೋಗುತ್ತವೆ. ಮುಂದೆ ಮಣ್ಣು, ಕೈಯಲ್ಲಿ ಗುದ್ದಲಿ. ಎಷ್ಟು ಅಗೆದರೂ ಮುಂದೆ ಮತ್ತೆ ಮಣ್ಣು. ನಾನು ಕಟ್ಟಿದ ಮನೆಯಲ್ಲಿ ನನಗೇ ದಾರಿ ತಪ್ಪಿತು. ಆಗ ನೆನಪಾಯಿತು, ಆ ಮಾತನ್ನು ಎಲ್ಲಿ ಹೇಳಿದ್ದೆನೆಂದು.

1998ನೆಯ ಇಸವಿ. ಈ ಆಟ ಬಂದು ಒಂದು ವರ್ಷ. ನಮ್ಮ ಊರಿಗೆ ಆಗ ಕಂಪ್ಯೂಟರಿನ ಗಾಳಿಯೂ ಬೀಸಿರಲಿಲ್ಲ, ಬಸ್‌ಸ್ಟ್ಯಾಂಡಿನ ಎಸ್.ಟಿ.ಡಿ. ಬೂತೇ ನಮಗೆ ದೊಡ್ಡ ವಿಜ್ಞಾನ. ನಾನು ಕೆಲಸಕ್ಕೆ ಸೇರಿ ಮೂರು ವರ್ಷ. ಬಿ.ಎಡ್.ನಲ್ಲಿ ಬಾಲಮನೋವಿಜ್ಞಾನ ಓದಿ ಒಳ್ಳೆಯ ಅಂಕ ತೆಗೆದಿದ್ದೆ. ಆದರೂ ಮೇಜಿನ ಮೇಲೆ ಹಾಜರಿ ಪುಸ್ತಕ, ಸೀಮೆಸುಣ್ಣದ ಜೊತೆಗೆ ಬೆತ್ತವೂ ಇರುತ್ತಿತ್ತು. ಯಾರಿಗೂ ಅದು ತಪ್ಪೆಂದು ತೋರುತ್ತಿರಲಿಲ್ಲ. "ಟೀಚರ್, ನಾಲ್ಕು ಬಿಗಿದು ಬುದ್ಧಿ ಹೇಳಿ" ಎಂದು ತಂದೆತಾಯಿಯರೇ ಹೇಳಿ ಹೋಗುತ್ತಿದ್ದರು. ನನಗೆ ಇನ್ನೊಂದು ಹೆಸರೂ ಇತ್ತು: ಬಹಳ ನಗಿಸುವ ಟೀಚರ್. ನನ್ನ ಕ್ಲಾಸೆಂದರೆ ಮಕ್ಕಳಿಗೆ ಇಷ್ಟ.

ಎಂಟನೆಯ ತರಗತಿಯ ಒಬ್ಬ ಹುಡುಗಿ ದಿನವೂ ತಡವಾಗಿ ಬರುತ್ತಿದ್ದಳು, ಬಂದು ಕಿಟಕಿಯ ಪಕ್ಕ ಕುಳಿತು ತೂಕಡಿಸುತ್ತಿದ್ದಳು. ಒಂದು ಮಧ್ಯಾಹ್ನ ಫ್ರೆಂಚ್ ಕ್ರಾಂತಿಯ ನಡುವೆ ಅವಳ ತಲೆ ಬೆಂಚಿಗೆ ತಗುಲಿತು. ನಾನು ಮೆಲ್ಲಗೆ ಹೋಗಿ ಕೆನ್ನೆಗೆ ಒಂದು ಹೊಡೆದೆ. ಬೆಚ್ಚಿ ಎದ್ದು ನಿಂತವಳನ್ನು, "ಏನೇ ಕುಂಭಕರ್ಣನ ತಂಗಿ, ಎಚ್ಚರ ಆಯ್ತಾ?" ಎಂದೆ. ತರಗತಿಯೇ ಬಿದ್ದು ಬಿದ್ದು ನಕ್ಕಿತು. ಅವಳು ಕುಳಿತು ಸರಸರನೆ ನೋಟ್ಸು ಬರೆಯತೊಡಗಿದಳು. ಸ್ಟಾಫ್ ರೂಮಿನಲ್ಲಿ ನಾನು ಇದನ್ನು ಹೇಳಿ, "ಹೊಡೆದರೆ ಇನ್ನೂ ಬೇಗ ಬರೀತಾರೆ" ಎಂದೆ. ಅಲ್ಲಿಯೂ ನಕ್ಕರು.

ಕುಂಭಕರ್ಣನ ತಂಗಿ ಯಾರೆಂದು ಲೆಕ್ಕ ಹಾಕಲು ಮಕ್ಕಳಿಗೆ ಒಂದು ದಿನವೂ ಬೇಕಾಗಲಿಲ್ಲ. ಮರುದಿನದಿಂದ ಅವಳ ಹೆಸರು ಶೂರ್ಪನಖಿ. ಅದು ನನ್ನ ಕಿವಿಗೂ ಬಿತ್ತು. ಮಕ್ಕಳಾಟವೆಂದು ಸುಮ್ಮನಿದ್ದೆ. ಅವಳ ತಾಯಿ ಕಾಯಿಲೆ ಬಿದ್ದಿದ್ದಳು, ಬೆಳಗ್ಗೆ ನಾಲ್ಕಕ್ಕೆ ಎದ್ದು ನೀರು ಹೊತ್ತು, ರೊಟ್ಟಿ ತಟ್ಟಿ, ತಮ್ಮಂದಿರನ್ನು ಹೊರಡಿಸಿ ಬರುತ್ತಿದ್ದವಳು ಅವಳು ಎಂಬುದು ನನಗೆ ತಿಳಿದದ್ದು ಎಷ್ಟೋ ಆಮೇಲೆ. ಒಂಬತ್ತನೆಯ ತರಗತಿಗೆ ಅವಳು ಬರಲಿಲ್ಲ. ನಾನೇ ಕಾರಣ ಎಂದರೆ ಅದೂ ಒಂದು ಬಗೆಯ ಜಂಬವಾದೀತು. ಮನೆಯ ಕಷ್ಟವೇ ಸಾಕಷ್ಟಿತ್ತು. ಆದರೆ ತೂಗುತ್ತಿದ್ದ ತಕ್ಕಡಿಗೆ ನಾನೂ ಒಂದು ಕಲ್ಲು ಹಾಕಿದೆನೋ ಏನೋ.

2009ರಲ್ಲಿ ಶಿಕ್ಷಣ ಹಕ್ಕು ಕಾಯಿದೆ ಬಂತು. 2010ರ ಏಪ್ರಿಲ್ 1ರಿಂದ ಜಾರಿಯಾಯಿತು. ಅದರ 17ನೆಯ ಕಲಮು ಮಗುವಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸುತ್ತದೆ. ಬೆತ್ತಗಳು ಬೀರುವಿನ ಹಿಂದೆ ಸರಿದವು. "ಇನ್ನು ಮಕ್ಕಳು ಕಲಿತ ಹಾಗೇ" ಎಂದು ಗೊಣಗಿದವರಲ್ಲಿ ನಾನೂ ಒಬ್ಬಳು. ಕಾನೂನು ನನ್ನ ಕೈಯನ್ನು ಕಟ್ಟಿತು, ನಾನು ಒಳ್ಳೆಯವಳಾದೆ ಎಂದುಕೊಂಡೆ. ಆದರೆ ಯಾರೂ ನೋಡದ ಪಾತಾಳದಲ್ಲಿ, ಯಾವ ಕಾನೂನೂ ಇಲ್ಲದ ಕಡೆ ಕೈ ಬಿಚ್ಚಿದೊಡನೆ ಅದು ತನ್ನ ಹಳೆಯ ಕೆಲಸವನ್ನೇ ಮಾಡಿತು. ಇದಕ್ಕೆ ಆಟವನ್ನು ಬೈದು ಪ್ರಯೋಜನವಿಲ್ಲ. ಅದು ಕೊಟ್ಟದ್ದು ಕೈಯ ಚಿತ್ರವನ್ನು ಮಾತ್ರ.

ಆಟದ ಉಳಿದ ಕತೆಯನ್ನೂ ಹೇಳಿ ಮುಗಿಸುತ್ತೇನೆ. ಬುಲ್‌ಫ್ರಾಗನ್ನು 1995ರಲ್ಲೇ ಎಲೆಕ್ಟ್ರಾನಿಕ್ ಆರ್ಟ್ಸ್ ಎಂಬ ಅಮೆರಿಕದ ದೊಡ್ಡ ಕಂಪೆನಿ ಕೊಂಡಿತ್ತು. ಆಟ ಹೊರಬಂದ 1997ರಲ್ಲೇ ಮಾಲಿನ್ಯೂ ಅಲ್ಲಿಂದ ಹೊರಬಿದ್ದು ಬೇರೆ ಮನೆ ಕಟ್ಟಿದ. 1999ರಲ್ಲಿ ಎರಡನೆಯ ಆಟ ಬಂತು, ಮೂರನೆಯದು ಅರ್ಧಕ್ಕೇ ನಿಂತಿತು. 2001ರ ಹೊತ್ತಿಗೆ ಬುಲ್‌ಫ್ರಾಗ್ ಎಂಬ ಹೆಸರೂ ದೊಡ್ಡ ಕಂಪೆನಿಯೊಳಗೆ ಕರಗಿತು. 2014ರಲ್ಲಿ ಅದೇ ಕಂಪೆನಿ ಈ ಆಟವನ್ನು ಮೊಬೈಲಿಗೆ 'ಉಚಿತ' ಎಂದು ತಂದಿತು. ಉಚಿತವೇನೋ ಹೌದು, ಆದರೆ ಒಂದು ಕಲ್ಲು ಅಗೆಯಲು ಗಂಟೆಗಟ್ಟಲೆ, ಕೆಲವಕ್ಕೆ ಇಡೀ ದಿನ ಕಾಯಬೇಕು. ಬೇಗ ಆಗಬೇಕೆಂದರೆ ದುಡ್ಡು ಕೊಡಬೇಕು. ಹಿಂದೆ ಆಳಿಗೆ ಬೀಳುತ್ತಿದ್ದ ಹೊಡೆತ ಈಗ ಒಡೆಯನ ಜೇಬಿಗೇ ಬಿತ್ತು! ಉಚಿತವೆಂಬ ಆ ಜಾಹೀರಾತು ಜನರನ್ನು ದಾರಿ ತಪ್ಪಿಸುತ್ತದೆ ಎಂದು ಬ್ರಿಟನ್ನಿನ ಜಾಹೀರಾತು ನಿಯಂತ್ರಣ ಸಂಸ್ಥೆ ಅದೇ ವರ್ಷ ತೀರ್ಪು ಕೊಟ್ಟಿತು. ಹಳೆಯ ಆಟವನ್ನು ಪ್ರೀತಿಸಿದವರು ಮಾತ್ರ ಬಿಡಲಿಲ್ಲ. ಅಭಿಮಾನಿಗಳಿಂದ ವಂತಿಗೆ ಕೂಡಿಸಿ 2015ರಲ್ಲಿ 'ವಾರ್ ಫಾರ್ ದಿ ಓವರ್‌ವರ್ಲ್ಡ್' ಎಂಬ ಅದೇ ಜಾತಿಯ ಆಟವನ್ನು ತಂದರು. ಅದೇ ರೈಡಿಂಗ್ಸ್‌ನಿಂದ ದನಿಯನ್ನೂ ಕೊಡಿಸಿದರು. 1997ರ ಮೂಲ ಆಟವೂ ಈಗಿನ ಕಂಪ್ಯೂಟರಿಗೆ ಒಗ್ಗುವಂತೆ ಸಿಗುತ್ತದೆ. ನನ್ನ ಮಗ ಕೊಂಡದ್ದು ಅದನ್ನೇ.

ಜೂನ್ ತಿಂಗಳಲ್ಲಿ ಪಟ್ಟಿ ಬಿಚ್ಚಿದರು. ಮೊದಲ ಸಲ ಕೋಲೂರಿಕೊಂಡು ಪೇಟೆಗೆ ಹೋದವಳು ಒಂದು ಟೈಲರಿಂಗ್ ಅಂಗಡಿಯ ಮುಂದೆ ರಿಕ್ಷಾ ನಿಲ್ಲಿಸಿದೆ. ಆ ಅಂಗಡಿ ಅವಳದೇ. ಹತ್ತು ವರ್ಷಗಳಿಂದ ನನ್ನ ರವಿಕೆಗಳನ್ನು ಹೊಲಿಯುತ್ತಿರುವವಳು ಅವಳೇ. ಈ ಹತ್ತು ವರ್ಷದಲ್ಲಿ ನಾವು ತೋಳಿನ ಅಳತೆ, ಮಳೆ, ಅವಳ ಮಗಳ ಕಾಲೇಜು ಎಲ್ಲದರ ಬಗ್ಗೆ ಮಾತಾಡಿದ್ದೇವೆ, ಅದೊಂದನ್ನು ಬಿಟ್ಟು. ಅವಳು ಸ್ಟೂಲು ಎಳೆದು ನನ್ನನ್ನು ಕೂರಿಸಿದಳು. ಹೇಗೆ ಶುರುಮಾಡಬೇಕೆಂದು ತಿಳಿಯದೆ, "ನಾನು ನಿನಗೆ ಕ್ಲಾಸಲ್ಲಿ ಒಂದು ಸಲ ಹೊಡೆದಿದ್ದೆ, ನೆನಪಿದೆಯಾ?" ಎಂದು ನೇರವಾಗಿ ಕೇಳಿಬಿಟ್ಟೆ.

ಅವಳು ಮಿಷನ್ನಿನ ಮೇಲಿದ್ದ ಬಟ್ಟೆಯನ್ನು ಸರಿಮಾಡುತ್ತ ಹೇಳಿದಳು: "ಹೊಡೆದಿದ್ದು ಅಷ್ಟು ನೆನಪಿಲ್ಲ ಟೀಚರ್. ಆಗ ಎಲ್ಲರೂ ಹೊಡೀತಿದ್ರು. ಎಲ್ಲರೂ ನಕ್ಕಿದ್ದು ನೆನಪಿದೆ."

"ತಪ್ಪಾಯ್ತು" ಎಂದೆ. ಇಪ್ಪತ್ತೇಳು ವರ್ಷ ತಡವಾಗಿ ಬಂದ ಮಾತು. ಅವಳು ಅಳಲಿಲ್ಲ, ನಗಲೂ ಇಲ್ಲ. "ಬಿಡಿ ಟೀಚರ್" ಎಂದಳು. ಸ್ವಲ್ಪ ಹೊತ್ತು ಬಿಟ್ಟು, "ನಿಮ್ಮ ಪಾಠ ಚೆನ್ನಾಗಿರ್ತಿತ್ತು. ಆ ಫ್ರಾನ್ಸಿನ ರಾಣಿಯ ಕತೆ ಕೊನೆಗೆ ಏನಾಯ್ತು ಅಂತ ನನಗೆ ಗೊತ್ತಾಗಲೇ ಇಲ್ಲ" ಎಂದಳು. ಅವಳು ಗುಂಡಿಗೆ ಕಾಜ ಹೊಲಿಯುತ್ತಿದ್ದಂತೆ ನಾನು ಅಲ್ಲೇ ಕುಳಿತು ಮೇರಿ ಆಂಟೊನೆಟ್ಟಳ ಕತೆಯನ್ನು 1793ರ ತನಕ ಹೇಳಿ ಮುಗಿಸಿದೆ. ಕ್ಷಮಿಸಿದಳೋ ಇಲ್ಲವೋ ನಾನು ಕೇಳಲಿಲ್ಲ. ಅದನ್ನು ಹೇಳುವುದು ಬಿಡುವುದು ಅವಳಿಗೆ ಸೇರಿದ್ದು.

ಆಟವನ್ನು ನಾನು ಈಗಲೂ ಭಾನುವಾರದ ಮಧ್ಯಾಹ್ನ ಆಡುತ್ತೇನೆ. ಹನ್ನೊಂದನೆಯ ಊರಿನಲ್ಲಿದ್ದೇನೆ. ಹೊಡೆಯುವ ಗುಂಡಿಯನ್ನು ಮುಟ್ಟುವುದಿಲ್ಲ. ಎಲ್ಲರಿಗೂ ಹೊತ್ತಿಗೆ ಸರಿಯಾಗಿ ಊಟ, ಸಂಬಳ. ನೊಣಕ್ಕೂ ಜೇಡಕ್ಕೂ ಬೇರೆ ಬೇರೆ ಕೋಣೆ. ಮನೆ ಏಳುವುದು ನಿಧಾನ, ಎರಡು ಸಲ ಸೋತೂ ಆಯಿತು. "ಹೀಗಾದರೆ ನೀನು ಇಪ್ಪತ್ತನೆಯ ಊರು ಮುಟ್ಟೋದು ರಿಟೈರ್ ಆದ ಮೇಲೇ" ಎಂದು ಮಗ ಫೋನಿನಲ್ಲಿ ನಗುತ್ತಾನೆ.

ಆಗಲಿ, ಅದಕ್ಕೆ ಇನ್ನು ನಾಲ್ಕೇ ವರ್ಷ.